ಹಂಪಿ ಫೋಟೋದಲ್ಲಿ ಬಿದ್ದ ಆ ನೆರಳು ಯಾರದ್ದು?

“ಚೆನ್ನಾಗಿದೆ ಕಣೇ. ಆದ್ರೆ ಇದು ನನ್ನ ಪರ್ಸಲ್ಲೂ ಇದೆಯಲ್ಲ!”

ಹಂಪಿಯ ಕಲ್ಲಿನ ರಥದ ಫೋಟೋ ತೋರಿಸಿದಾಗ ಅಮ್ಮ ಹೇಳಿದ ಮಾತಿದು. ಹೇಳಿ ಸುಮ್ಮನಾಗಲಿಲ್ಲ. ತರಕಾರಿಯವನಿಗೆ ಕೊಡಲು ಇಟ್ಟುಕೊಂಡಿದ್ದ ಐವತ್ತು ರೂಪಾಯಿ ನೋಟು ತೆಗೆದು, ತಿರುಗಿಸಿ, ನನ್ನ ಫೋನಿನ ಪಕ್ಕ ಹಿಡಿದರು. 2017ರಲ್ಲಿ ಬಂತಲ್ಲ ತಿಳಿ ನೀಲಿ ನೋಟು, ಅದರ ಹಿಂಭಾಗದಲ್ಲಿ ಇರುವುದು ಅದೇ ರಥ. ನಾನು ಬಿಸಿಲಲ್ಲಿ ನಲವತ್ತು ನಿಮಿಷ ಕಾದು, ಜನ ಸರಿದ ಮೇಲೆ, ಮಂಡಿಯೂರಿ ಕೂತು ತೆಗೆದ ಫೋಟೋಗೂ ಅದಕ್ಕೂ ಅಂಥ ವ್ಯತ್ಯಾಸ ಏನೂ ಇರಲಿಲ್ಲ.

ಕಳೆದ ಡಿಸೆಂಬರಿನ ಸೋಮವಾರ ಅದು. ಆಫೀಸಿನ ಇಬ್ಬರು ಫ್ರೆಂಡ್ಸ್ ಜೊತೆ ವೀಕೆಂಡ್‌ಗೆ ಹಂಪಿಗೆ ಹೋಗಿ, ಭಾನುವಾರ ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಅತ್ತಿಗುಪ್ಪೆಯ ಮನೆಗೆ ಬಂದಿದ್ದೆ. ಪುಣ್ಯಕ್ಕೆ ಅವತ್ತು ವರ್ಕ್ ಫ್ರಮ್ ಹೋಮ್. ಎರಡು ದಿನಕ್ಕೆ ನಾನು ತೆಗೆದ ಫೋಟೋ 1,143. ಅದರಲ್ಲಿ 64 ಆರಿಸಿ, ಬಣ್ಣ ಸರಿಮಾಡಿ, ರೈಲಿನಲ್ಲೇ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ.

ಏನಾಯ್ತು ಅಂತ ನಿಮಗೆ ಗೊತ್ತೇ ಇರುತ್ತೆ. ಮೂವತ್ತೊಂದು ಜನರ ಗ್ರೂಪಿನಲ್ಲಿ ಐದು ಹೆಬ್ಬೆರಳು, ಎರಡು “ನೈಸ್”, ಮೈಸೂರಿನ ಅತ್ತೆಯಿಂದ ಒಂದು “ಸೂಪರ್ ಪುಟ್ಟಾ”. ಅದರ ಹಿಂದೆಯೇ ಯಾರೋ ಕಳಿಸಿದ ಗುಲಾಬಿ ಹೂವಿನ ಶುಭೋದಯ, ನಂತರ ಯಾರದೋ ಮಗುವಿನ ನಾಮಕರಣದ ಕರೆಯೋಲೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹಂಪಿ ಎಷ್ಟು ಮೇಲೆ ಹೋಗಿತ್ತೆಂದರೆ, ಹುಡುಕಿದರೂ ಬೆರಳಿಗೆ ಸಿಗುತ್ತಿರಲಿಲ್ಲ.

“ಇಷ್ಟು ಫೋಟೋದಲ್ಲಿ ನೀನು ಎಲ್ಲಿದ್ದೀಯಾ?” ಅಂತ ಅಮ್ಮ ಕೇಳಿದರು.

“ನಾನು ತೆಗೀತಿದ್ನಲ್ಲಮ್ಮ.”

“ಹ್ಞೂಂ. ನಿಮ್ಮ ದೊಡ್ಡಪ್ಪನ ಥರ.”

ನಮ್ಮ ಮನೆಯಲ್ಲಿ ಆ ಹೆಸರು ಅಷ್ಟು ಸಲೀಸಾಗಿ ಬರುವುದಿಲ್ಲ. ಬಾಯಿ ತಪ್ಪಿ ಬಂದದ್ದು ಅಮ್ಮನಿಗೂ ಗೊತ್ತಾಯಿತು ಅನ್ನಿಸುತ್ತೆ. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸ್ಟೂಲ್ ಹಾಕಿಕೊಂಡು ಬೀರುವಿನ ಮೇಲಿದ್ದ ಹಳೇ ಆಲ್ಬಂ ಇಳಿಸಿದರು.

ಹನ್ನೆರಡೇ ಫೋಟೋ

ಕಪ್ಪು ಹಾಳೆ, ನಡುವೆ ಬೆಣ್ಣೆಕಾಗದ, ಫೋಟೋದ ನಾಲ್ಕು ಮೂಲೆಗೂ ಸಿಕ್ಕಿಸುವ ಪುಟ್ಟ ಕಾಗದದ ತ್ರಿಕೋನಗಳು. ನಮ್ಮ ವಯಸ್ಸಿನವರು ಇಂಥ ಆಲ್ಬಂ ನೋಡಿರುತ್ತೇವೆ, ಬಳಸಿರುವುದಿಲ್ಲ. ಅದರಲ್ಲಿ ಹಂಪಿಯದ್ದು ಹನ್ನೆರಡು ಫೋಟೋ, ಎಲ್ಲವೂ ಚೌಕ, ಎಲ್ಲವೂ ಕಪ್ಪು ಬಿಳುಪು. ಹನ್ನೆರಡೇ ಯಾಕೆಂದರೆ ಆ ಕ್ಯಾಮೆರಾದಲ್ಲಿ ಬರುತ್ತಿದ್ದದ್ದೇ ಅಷ್ಟು. ದೊಡ್ಡಪ್ಪನ ಹತ್ತಿರ ಇದ್ದದ್ದು ಅಗ್ಫಾ ಕ್ಲಿಕ್ 3. ಆ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಮಧ್ಯಮ ವರ್ಗದ ಮನೆಗಳ ಮೊದಲ ಕ್ಯಾಮೆರಾ ಅದು. ಒಂದು ರೀಲ್ ಹಾಕಿದರೆ ಹನ್ನೆರಡು ಸಲ ಒತ್ತಬಹುದು, ಅಷ್ಟೇ. ಸರಿ ಬಂತೋ ಇಲ್ಲವೋ ಗೊತ್ತಾಗುವುದು ಊರಿಗೆ ಬಂದು ಸ್ಟುಡಿಯೋಗೆ ಕೊಟ್ಟು, ತೊಳೆಸಿದ ಮೇಲೆ.

ರಾಜಾಜಿನಗರದ ಮನೆಯಿಂದ ಆರು ಜನ ಹೋಗಿದ್ದರಂತೆ. ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅವರ ಮೂರು ವರ್ಷದ ಮಗಳು (ನನ್ನ ಅಕ್ಕ), ಅಪ್ಪ, ಆಗಷ್ಟೇ ಮದುವೆಯಾಗಿ ಬಂದಿದ್ದ ಅಮ್ಮ. ಮೆಜೆಸ್ಟಿಕ್‌ನಿಂದ ರಾತ್ರಿ ಕೆಂಪು ಬಸ್ಸು. ಬುತ್ತಿಗೆ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ವಿರೂಪಾಕ್ಷ ದೇವಸ್ಥಾನದ ಮುಂದೆ ಅಜ್ಜಿಯ ಫೋಟೋ ಇದೆ: ಗೋಪುರ ಪೂರ್ತಿ ಬರಲಿ ಅಂತ ದೊಡ್ಡಪ್ಪ ಹಿಂದೆ ಹಿಂದೆ ಹೋಗಿ, ಅಜ್ಜಿ ಕೆಳಗೆ ಒಂದು ಕಾಳಿನಷ್ಟು ಆಗಿಬಿಟ್ಟಿದ್ದಾರೆ. ಸಾಸಿವೆಕಾಳು ಗಣಪನ ಮುಂದೆ ಅಪ್ಪ, ಕೈ ಕಟ್ಟಿಕೊಂಡು, ಸಿನಿಮಾ ಹೀರೋ ಥರ. ತುಂಗಭದ್ರಾ ಡ್ಯಾಮಿನ ಮೇಲೆ ಅಮ್ಮ, ಸೆರಗು ಹಾರುತ್ತಿದೆ.

ಕೊನೆಯದು ಕಲ್ಲಿನ ರಥ. ಅಜ್ಜಿ ಮಧ್ಯೆ. ದೊಡ್ಡಮ್ಮನ ಸೊಂಟದಲ್ಲಿ ಅಳುತ್ತಿರುವ ಅಕ್ಕ. ಅಪ್ಪ ಸ್ವಲ್ಪ ದೂರ. ಅಮ್ಮ ರಥದ ಚಕ್ರದ ಮೇಲೆ ಕೈ ಇಟ್ಟು ನಿಂತಿದ್ದಾರೆ. ಹಿಂದೆ, ಬೆರಳಲ್ಲಿ ಬರೆದಷ್ಟು ದಪ್ಪ ಅಕ್ಷರದಲ್ಲಿ ಅಪ್ಪನ ಬರಹ: “ಹಂಪೆ, 1986.”

ಈ ಫೋಟೋವನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹನ್ನೆರಡರಲ್ಲಿ ಒಂದರಲ್ಲೂ ದೊಡ್ಡಪ್ಪ ಇಲ್ಲ. ಆದ್ದರಿಂದ ಅವರು ಆ ಪ್ರವಾಸಕ್ಕೆ ಹೋಗಿರಲೇ ಇಲ್ಲ ಅಂತಲೇ ನಾನು ತಿಳಿದುಕೊಂಡಿದ್ದೆ. ಅವತ್ತು ಅಮ್ಮ ಫೋಟೋದ ಕೆಳಗಿನ ಭಾಗಕ್ಕೆ ಬೆರಳಿಟ್ಟು ತೋರಿಸಿದರು. ನೆಲದ ಮೇಲೆ ಉದ್ದಕ್ಕೆ ಒಂದು ನೆರಳು. ತಲೆ, ಭುಜ, ಕ್ಯಾಮೆರಾ ಹಿಡಿದು ಮಡಚಿದ ಎರಡು ಮೊಣಕೈ. ಸಂಜೆ ಬಿಸಿಲು ತೆಗೆಯುವವರ ಬೆನ್ನಿಗಿತ್ತು. ಆ ನೆರಳಿನ ತಲೆ ಸರಿಯಾಗಿ ಅಜ್ಜಿಯ ಪಾದದ ಹತ್ತಿರ ಬಂದು ನಿಂತಿದೆ.

ಮೂವತ್ತು ವರ್ಷ ನೋಡಿದ ಫೋಟೋ. ನೆರಳು ನನಗೆ ಕಂಡೇ ಇರಲಿಲ್ಲ.

ಏಳು ಸ್ಟೇಷನ್ ದೂರ

ಈಗ ಆ ಇನ್ನೊಂದು ಕಥೆ ಹೇಳಲೇಬೇಕು. 2012ರಲ್ಲಿ ಅಜ್ಜಿ ಹೋದರು. ಮರುವರ್ಷ ರಾಜಾಜಿನಗರದ ಮನೆ ಮಾರಿದರು. ಯಾರಿಗೆ ಎಷ್ಟು ಅನ್ನುವುದರಲ್ಲಿ ಮಾತು ಬೆಳೆಯಿತು. ನಾನಾಗ ಕಾಲೇಜಿನಲ್ಲಿದ್ದೆ, ರೂಮಿನ ಬಾಗಿಲು ಹಾಕಿಕೊಂಡು ಕೇಳಿಸಿಕೊಂಡವಳು. ಯಾರು ಸರಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಇಬ್ಬರ ಹತ್ತಿರವೂ ಅವರವರ ಲೆಕ್ಕ ಇದೆ. ದೊಡ್ಡಪ್ಪ ಕೆಂಗೇರಿ ಉಪನಗರಕ್ಕೆ ಹೋದರು. ನಾವು ವಿಜಯನಗರದ ಕಡೆ ಬಂದೆವು. ಆಮೇಲೆ ಅಣ್ಣ ತಮ್ಮ ಮಾತಾಡಲಿಲ್ಲ. ಅಕ್ಕನ ಮದುವೆಯಲ್ಲಿ ಅಪ್ಪ ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಂದರು. ಫ್ಯಾಮಿಲಿ ಗ್ರೂಪಿಗೆ ಅತ್ತೆ ದೊಡ್ಡಪ್ಪನನ್ನೂ ಸೇರಿಸಿದ್ದರು, ಒಂದು ಗಂಟೆಯಲ್ಲಿ ಅವರು ಹೊರಗೆ ಹೋಗಿದ್ದರು.

2021ರಲ್ಲಿ ಮೆಟ್ರೋ ಕೆಂಗೇರಿವರೆಗೆ ಬಂತು. ನೇರಳೆ ಮಾರ್ಗದಲ್ಲಿ ಅತ್ತಿಗುಪ್ಪೆಯಿಂದ ಹೊರಟರೆ ದೀಪಾಂಜಲಿನಗರ, ಮೈಸೂರು ರಸ್ತೆ, ನಾಯಂಡಹಳ್ಳಿ ದಾಟಿ, ಏಳನೇ ಸ್ಟೇಷನ್ ಕೆಂಗೇರಿ ಬಸ್ ಟರ್ಮಿನಲ್. ಅಷ್ಟು ಹತ್ತಿರ. ಯಾರೂ ಇಳಿಯಲಿಲ್ಲ.

ಆ ಸೋಮವಾರ ರಾತ್ರಿ ರಥದ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡೆ. ಮೊದಲು ಅಭ್ಯಾಸಬಲದಿಂದ ಕೆಳಗಿನ ಭಾಗ ಕ್ರಾಪ್ ಮಾಡಿದ್ದೆ, ಅಡ್ಡ ಬರುತ್ತಿದೆ ಅಂತ! ಆಮೇಲೆ ನಾಚಿಕೆಯಾಗಿ ಮತ್ತೆ ಪೂರ್ತಿ ತೆಗೆದೆ. ಅಕ್ಕನಿಂದ ದೊಡ್ಡಪ್ಪನ ನಂಬರ್ ತಗೊಂಡೆ. “ಹೇಗಿದ್ದೀರಾ ದೊಡ್ಡಪ್ಪ” ಅಂತ ಬರೆದೆ, ಅಳಿಸಿದೆ. “ಬಹಳ ದಿನ ಆಯ್ತು” ಅಂತ ಬರೆದೆ, ಅದನ್ನೂ ಅಳಿಸಿದೆ. ಹನ್ನೊಂದು ಹನ್ನೆರಡು ವರ್ಷಕ್ಕೆ “ಬಹಳ ದಿನ” ಅನ್ನೋಕಾಗುತ್ತಾ? ಕೊನೆಗೆ ಫೋಟೋ ಕಳಿಸಿ ಕೆಳಗೆ ಒಂದೇ ಸಾಲು ಹಾಕಿದೆ: “ದೊಡ್ಡಪ್ಪ, ಈ ನೆರಳು ನಿಮ್ಮದಾ?”

ಎರಡು ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಮಾಡಬಾರದ್ದು ಮಾಡಿದೆನೇನೋ ಅಂತ ಅನ್ನಿಸೋಕೆ ಶುರುವಾಯ್ತು.

ಗುರುವಾರ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಮೆಟ್ರೋದಲ್ಲಿ ಒಂದು ವಾಯ್ಸ್ ಮೆಸೇಜ್. ನಾಲ್ಕು ನಿಮಿಷ ಹತ್ತು ಸೆಕೆಂಡ್.

“ನಂದಲ್ದೆ ಇನ್ಯಾರ್ದು ಕಣಮ್ಮಾ” ಅಂತ ಶುರು. ಆಮೇಲೆ ಒಂದೊಂದಾಗಿ ಬಂತು. ಕ್ಯಾಮೆರಾ ಅವರದ್ದು, ಆದರೆ ರೀಲ್ ತಂದುಕೊಟ್ಟಿದ್ದು ಅಪ್ಪ, ಆಗಷ್ಟೇ ಸಿಕ್ಕಿದ್ದ ಕೆಲಸದ ಸಂಬಳದಲ್ಲಿ. ಅಕ್ಕ ಅಳುತ್ತಿದ್ದದ್ದು ಅವಳ ಕೈಯ ಬಾಳೆಹಣ್ಣನ್ನು ಕೋತಿ ಕಿತ್ತುಕೊಂಡು ಹೋಗಿದ್ದಕ್ಕೆ. ರಥದ ಹತ್ತಿರ ಬರುವ ಹೊತ್ತಿಗೆ ರೀಲಿನಲ್ಲಿ ಉಳಿದಿದ್ದದ್ದು ಒಂದೇ ಒಂದು. ಅಜ್ಜಿ ಹೇಳಿದರಂತೆ, “ನೀನೂ ಬಂದು ನಿಂತ್ಕೊಳೋ, ಯಾರ ಕೈಗಾದ್ರೂ ಕೊಡು.” ಅಲ್ಲೇ ಇದ್ದ ಯಾರೋ ಒಬ್ಬರು ಕೈ ಚಾಚಿಯೂ ಇದ್ದರಂತೆ.

“ಕೊಡಲಿಲ್ಲ ಕಣಮ್ಮಾ. ಉಸಿರು ಬಿಗಿಹಿಡಿದು ಒತ್ತಬೇಕು ಅದನ್ನ, ಅಲ್ಲಾಡಿದ್ರೆ ಹೋಯ್ತು. ಇರೋದೇ ಒಂದು, ಹಾಳಾದ್ರೆ? ಮುಂದಿನ ಸಲ ನಿಂತ್ಕೋತೀನಮ್ಮಾ ಅಂದೆ ನಮ್ಮಮ್ಮನಿಗೆ.” ಇಲ್ಲಿ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ, ಫ್ಯಾನಿನ ಸದ್ದು ಮಾತ್ರ. “ಮುಂದಿನ ಸಲ ಬರ್ಲೇ ಇಲ್ಲ.”

ನಾನು ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಸ್ಟೇಷನ್ ಮುಂದೆ ಹೋಗಿದ್ದೆ.

ಹಂಪಿಗೂ ಹಳೇ ಫೋಟೋ ಬೇಕಾಯ್ತು

ಆ ವಾರ ನಾನು ಹಂಪಿಯ ಹಳೆಯ ಫೋಟೋಗಳ ಬಗ್ಗೆ ಓದುತ್ತಾ ಕೂತೆ. ಮದರಾಸು ಸೇನೆಯಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ 1856ರಲ್ಲಿ ಹಂಪಿಯ ಫೋಟೋ ತೆಗೆದಿದ್ದ. ಆಗ ರೀಲ್ ಇರಲಿಲ್ಲ, ಮೇಣ ಸವರಿದ ಕಾಗದದ ನೆಗೆಟಿವ್‌ಗಳು. ಅವನು ತೆಗೆದ ಕಲ್ಲಿನ ರಥದ ಫೋಟೋ ನೋಡಿದರೆ ನೀವು ಒಂದು ಕ್ಷಣ ಇದು ಬೇರೆ ಯಾವುದೋ ರಥ ಅಂದುಕೊಳ್ಳುತ್ತೀರಿ. ಯಾಕೆಂದರೆ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರ ಇದೆ! ಇವತ್ತು ಅದಿಲ್ಲ. ನೋಟಿನ ಮೇಲಿರುವುದು, ನಮ್ಮ ಇನ್‌ಸ್ಟಾಗ್ರಾಂನಲ್ಲಿರುವುದು, ಎಲ್ಲ ಶಿಖರ ಇಲ್ಲದ ರಥ. ಮೂಲದಲ್ಲಿ ಅದು ವಿಠ್ಠಲನಿಗೆ ಎದುರಾಗಿ ಕಟ್ಟಿದ ಗರುಡನ ಗುಡಿ, ಗುಡಿಗೆ ಶಿಖರ ಇದ್ದದ್ದು ಸಹಜವೇ. ಆದರೆ ಆ ಶಿಖರ ಹೇಗಿತ್ತು ಅಂತ ಇವತ್ತು ನಾವು ಕಣ್ಣಾರೆ ನೋಡಬಹುದಾದರೆ ಅದು ಅಂಥ ಹಳೆಯ ಫೋಟೋಗಳಿಂದ.

1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷದಲ್ಲಿ ಏನು ಬಿತ್ತು, ಏನು ಉಳಿಯಿತು ಅಂತ ಗೊತ್ತಾಗುತ್ತೆ.

ನಮ್ಮ ಮನೆಯ ಫೋಟೋ ಕೂಡ ಅಂಥದ್ದೇ ಒಂದು ದಾಖಲೆ ಅಂತ ಆಗ ಹೊಳೆಯಿತು. ಅಮ್ಮ ಚಕ್ರದ ಮೇಲೆ ಕೈ ಇಟ್ಟು ನಿಂತಿದ್ದಾರಲ್ಲ, ಈಗ ಹಾಗೆ ನಿಲ್ಲಲು ಆಗುವುದಿಲ್ಲ. ಸುತ್ತ ತಡೆ ಹಾಕಿದ್ದಾರೆ, ಮುಟ್ಟುವ ಹಾಗಿಲ್ಲ. ಆ ತಡೆ ಬೇಕಾದದ್ದೇ, ಅಷ್ಟು ಜನ ಬರುತ್ತಾರೆ. ಹಂಪಿಯನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು 1986ರಲ್ಲಿ. ನಮ್ಮವರು ಹೋಗಿದ್ದೂ ಹೆಚ್ಚುಕಮ್ಮಿ ಅದೇ ಸಮಯಕ್ಕೆ. ಅವರಿಗೆ ಅದೆಲ್ಲ ಗೊತ್ತಿರಲಿಲ್ಲ, ರಜೆ ಸಿಕ್ಕಿತ್ತು, ಹೋಗಿದ್ದರು.

ನಿಮ್ಮ ಫೋನಿನಲ್ಲೂ ರಥದ ಫೋಟೋ ಇದ್ದರೆ ಒಂದು ಕೆಲಸ ಮಾಡಿ. ಮುಂದಿರುವ ಎರಡು ಆನೆಗಳ ಹಿಂದೆ ಜೂಮ್ ಮಾಡಿ ನೋಡಿ. ಕುದುರೆಗಳ ಹಿಂಗಾಲು, ಬಾಲ ಕಾಣುತ್ತವೆ. ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದು ಇಟ್ಟಿದ್ದು. ನಾನು ಅಲ್ಲಿ ನಲವತ್ತು ನಿಮಿಷ ನಿಂತಿದ್ದೆ, ಇದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೋಡಿದ್ದು ಮನೆಗೆ ಬಂದ ಮೇಲೆ, ಫೋಟೋದಲ್ಲಿ.

“ಅವನಿಗೇನು ಗೊತ್ತು?”

ವಾಯ್ಸ್ ಮೆಸೇಜಿನ ಕೊನೆಯಲ್ಲಿ ದೊಡ್ಡಪ್ಪ ಒಂದು ತಿದ್ದುಪಡಿ ಹೇಳಿದ್ದರು. ಹೋಗಿದ್ದು 86 ಅಲ್ಲ, 87ರ ಜನವರಿ, ಸಂಕ್ರಾಂತಿ ಆದ ಮೇಲೆ.

ಅದನ್ನು ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೆ ಕೇಳಿಸಿದೆ. ಕೇಳಿಸಲೋ ಬೇಡವೋ ಅಂತ ಎರಡು ದಿನ ಯೋಚಿಸಿ, ಅಮ್ಮನ ಮುಖ ನೋಡಿ, ಅಮ್ಮ ತಲೆ ಆಡಿಸಿದ ಮೇಲೆ. ಅಪ್ಪ ಅನ್ನ ಕಲೆಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ರೀಲಿನ ವಿಷಯ ಬಂದಾಗ ತಟ್ಟೆ ನೋಡುತ್ತಿದ್ದರು. “ಮುಂದಿನ ಸಲ” ಬಂದಾಗಲೂ ತಟ್ಟೆಯನ್ನೇ ನೋಡುತ್ತಿದ್ದರು. ಕೊನೆಯ ವಾಕ್ಯ ಬಂತು ನೋಡಿ, ತಲೆ ಎತ್ತಿದರು.

“ಅವನಿಗೇನು ಗೊತ್ತು? ಎಂಬತ್ತಾರೇ! ಹಿಂದೆ ಬರೆದಿದ್ದೀನಲ್ಲ!”

ಇಷ್ಟು ವರ್ಷದಲ್ಲಿ ಅಪ್ಪ ಅಣ್ಣನ ಬಗ್ಗೆ ಮನೆ ಲೆಕ್ಕ ಬಿಟ್ಟು ಬೇರೆ ವಿಷಯ ಆಡಿದ ಮೊದಲ ಮಾತು ಅದು. ನಾನು ಅದನ್ನು ಹಾಗೇ ಕೆಂಗೇರಿಗೆ ಮುಟ್ಟಿಸಿದೆ, ಸ್ವಲ್ಪ ಮೃದು ಮಾಡಿ. ಅಲ್ಲಿಂದ ಉತ್ತರ: “ಅವನು ಬರೆದಿದ್ದು ಎಷ್ಟೋ ವರ್ಷ ಆದ್ಮೇಲೆ. ನನ್ನ ಹತ್ರ ನೆಗೆಟಿವ್ ಇದೆ, ಸ್ಟುಡಿಯೋ ಕವರ್ ಸಮೇತ. ಡೇಟ್ ಹಾಕಿದ್ದಾರೆ.” ಇಲ್ಲಿಂದ: “ಕವರಿನ ಫೋಟೋ ಕಳಿಸೋಕೆ ಹೇಳು.” ಅಲ್ಲಿಂದ: “ನಂಗೆ ಅದೆಲ್ಲ ಬರಲ್ಲ. ಬೇಕಾದ್ರೆ ಬಂದು ನೋಡ್ಲಿ.”

ವಾಟ್ಸಾಪ್‌ನಲ್ಲಿ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಕಳಿಸೋರಿಗೆ ಫೋಟೋ ಕಳಿಸೋಕೆ ಬರಲ್ವಾ? ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ಮುಂದಿನ ಶನಿವಾರ ಅಪ್ಪ ತಾವಾಗಿಯೇ ಶರ್ಟ್ ಇಸ್ತ್ರಿ ಮಾಡಿಕೊಂಡರು. “ಡೇಟ್ ನೋಡ್ಕೊಂಡು ಬಂದ್ಬಿಡೋಣ” ಅಂದರು, ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬರೋಣ ಅನ್ನುವ ಧಾಟಿಯಲ್ಲಿ. ಅಮ್ಮ ಆಲ್ಬಂ ಅನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡರು. ರೈಲಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ. ಪಟ್ಟಣಗೆರೆ ಸ್ಟೇಷನ್ ಬಂದಾಗ ಮಾತ್ರ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು, ಇಳಿಯುವುದು ಮುಂದಿನದ್ದಾದರೂ.

ದೊಡ್ಡಪ್ಪ ತುಂಬಾ ಸಣ್ಣ ಆಗಿದ್ದರು. ಅಥವಾ ನಾನು ನೆನಪಿನಲ್ಲಿ ಅವರನ್ನು ದೊಡ್ಡದು ಮಾಡಿಕೊಂಡಿದ್ದೆನೋ. “ಬಾ” ಅಂದರು ಅಪ್ಪನಿಗೆ. ಅಪ್ಪ “ಹ್ಞೂಂ” ಅಂದರು. ಟೀಪಾಯಿಯ ಮೇಲೆ ಕಂದು ಬಣ್ಣದ ಕವರ್ ಆಗಲೇ ಸಿದ್ಧವಾಗಿತ್ತು. ಮೇಲೆ ಇಂಕ್ ಪೆನ್ನಿನಲ್ಲಿ ದೊಡ್ಡಪ್ಪನ ಹೆಸರು, ಪಕ್ಕದಲ್ಲಿ 27-1-87.

ಅಪ್ಪ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಸರಿ ಬಿಡು. ಎಂಬತ್ತೇಳು.”

“ಮನೆ ವಿಷಯದಲ್ಲೂ ಇಷ್ಟು ಬೇಗ ಒಪ್ಕೊಂಡಿದ್ರೆ ಆಗ್ತಿತ್ತಲ್ಲೋ” ಅಂದುಬಿಟ್ಟರು ದೊಡ್ಡಪ್ಪ.

ಮನೆಯಲ್ಲಿ ಗಾಳಿ ನಿಂತ ಹಾಗಾಯಿತು. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ಕಾಫಿ ಹಿಡಿದು ಹಾಗೇ ನಿಂತಿದ್ದರು. ಅಮ್ಮ ನನ್ನ ಕೈ ಹಿಡಿದುಕೊಂಡರು. ಅಪ್ಪ ಅದಕ್ಕೆ ಉತ್ತರ ಕೊಡಲಿಲ್ಲ. ಎದ್ದು ಬರಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ದೊಡ್ಡಮ್ಮನ ಕೈಯಿಂದ ಲೋಟ ತಗೊಂಡು, “ಇದು ಯಾವ ಫೋಟೋದು?” ಅಂತ ಇನ್ನೊಂದು ನೆಗೆಟಿವ್ ಎತ್ತಿಕೊಂಡರು.

ಆಮೇಲೆ ಎರಡು ಗಂಟೆ ಇಬ್ಬರೂ ಕಿಟಕಿಯ ಹತ್ತಿರವೇ ಕೂತಿದ್ದರು. ನೆಗೆಟಿವ್‌ನಲ್ಲಿ ಅಜ್ಜಿಯ ಬಿಳಿ ಕೂದಲು ಕಪ್ಪಗೆ, ಕಪ್ಪು ಸೆರಗು ಬೆಳ್ಳಗೆ. ನೆಲದ ಮೇಲಿನ ನೆರಳು ಬೆಳಕಿನ ಹಾಗೆ. ಮನೆಯ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಅದು ಮುಗಿದಿದೆ ಅಂತಲ್ಲ, ಅವತ್ತಿಗೆ ಎತ್ತಲಿಲ್ಲ ಅಷ್ಟೇ.

ನಾನು ಈಗ ಫೋಟೋ ಕಳಿಸುವ ರೀತಿ

ಪ್ರವಾಸದ ಫೋಟೋ ಹಂಚಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ನಾನಂತೂ ನಿಲ್ಲಿಸಿಲ್ಲ. ಆದರೆ ಕಳಿಸುವ ರೀತಿ ಸ್ವಲ್ಪ ಬದಲಾಗಿದೆ.

ರಥವನ್ನು, ತಾಜ್‌ಮಹಲನ್ನು, ಗೋಳಗುಮ್ಮಟವನ್ನು ನನಗಿಂತ ಚೆನ್ನಾಗಿ ತೆಗೆದವರು ಸಾವಿರ ಜನ ಇದ್ದಾರೆ. ನನ್ನ ಜೊತೆ ಬಂದವರನ್ನು ತೆಗೆಯಲು ನಾನೊಬ್ಬಳೇ. ಹಾಗಾಗಿ ಜನ ಸರಿಯಲಿ ಅಂತ ಈಗ ಕಾಯುವುದಿಲ್ಲ. ಒಂದು ಫೋಟೋವಾದರೂ ಬೇರೆಯವರ ಕೈಗೆ ಕೊಟ್ಟು, ನಾನೂ ಹೋಗಿ ನಿಲ್ಲುತ್ತೇನೆ. ಸ್ವಲ್ಪ ಅಲ್ಲಾಡಿದರೂ ಪರವಾಗಿಲ್ಲ. ನಮ್ಮ ಹತ್ತಿರ ಹನ್ನೆರಡೇ ಅಂತ ಇಲ್ಲವಲ್ಲ.

ಗ್ರೂಪಿಗೆ ಅರವತ್ತನಾಲ್ಕರ ಬದಲು ಐದು. ಪ್ರತಿಯೊಂದರ ಕೆಳಗೆ ಎಲ್ಲಿ, ಯಾವಾಗ, ಯಾರ್ಯಾರು, ತೆಗೆದವರು ಯಾರು ಅಂತ ಒಂದು ಸಾಲು. ಇದು ಬರೀ ಶಿಸ್ತಿಗೆ ಅಲ್ಲ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಫೋಟೋ ಕಳಿಸಿದರೆ ಅದರ ಗಾತ್ರ ಕುಗ್ಗುತ್ತದೆ, ತೆಗೆದ ದಿನ, ಜಾಗ ಮುಂತಾದ ಮಾಹಿತಿಯೂ ಅದರಿಂದ ಹೋಗಿಬಿಡುತ್ತದೆ. ಮೂಲ ಹಾಗೇ ತಲುಪಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇಲ್ಲದಿದ್ದರೆ ನಲವತ್ತು ವರ್ಷ ಆದ ಮೇಲೆ ನಮ್ಮ ಮಕ್ಕಳೂ 86ಓ 87ಓ ಅಂತ ಜಗಳ ಆಡುತ್ತಾರೆ, ಆಗ ತೋರಿಸೋಕೆ ಸ್ಟುಡಿಯೋ ಕವರ್ ಕೂಡ ಇರಲ್ಲ.

ಎಲ್ಲರಿಗೂ ಕಾಣುವ ಹಾಗೆ ಹಾಕುವುದಾದರೆ ಊರಿಗೆ ವಾಪಸ್ ಬಂದ ಮೇಲೆ. ಬೀಗ ಹಾಕಿದ ಮನೆಯ ಸುದ್ದಿಯನ್ನು ನಾವೇ ಊರಿಗೆಲ್ಲ ಸಾರುವುದು ಬೇಡ. ಟಿಕೆಟ್, ಬೋರ್ಡಿಂಗ್ ಪಾಸ್‌ನ ಫೋಟೋ ಅಂತೂ ಬೇಡವೇ ಬೇಡ. ಹೊಳೆದಂಡೆಯಲ್ಲಿ ಸ್ನಾನ ಮಾಡುವವರು, ಯಾರದೋ ಮಕ್ಕಳು ಫೋಟೋದಲ್ಲಿ ಬಂದಿದ್ದರೆ ಅದು ನನ್ನ ಫೋನಿನಲ್ಲೇ ಉಳಿಯುತ್ತದೆ.

ಹಳೇ ಫೋಟೋಗಳಿಗೂ ಸ್ವಲ್ಪ ಸಮಯ ಕೊಡಿ. ಫೋನಿನಲ್ಲಿ ತೆಗೆಯುವಾಗ ಫ್ಲ್ಯಾಶ್ ಬೇಡ, ಹಗಲು ಹೊತ್ತು ಕಿಟಕಿಯ ಪಕ್ಕ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಹಿಂಭಾಗವನ್ನೂ ತೆಗೆಯಿರಿ, ಎಷ್ಟೋ ಸಲ ಅಸಲಿ ಕಥೆ ಅಲ್ಲೇ ಇರುತ್ತೆ. ಹಿಂದೆ ಬರೆಯುವುದಾದರೆ ಮೆತ್ತಗಿನ ಪೆನ್ಸಿಲ್ ಸಾಕು, ಬಾಲ್ ಪೆನ್ ಒತ್ತಿದರೆ ಮುಂದೆ ಗುರುತು ಮೂಡುತ್ತದೆ. ಅಂಟು ಹಾಳೆಯ ಆಲ್ಬಂಗಳಲ್ಲಿ ಇದ್ದರೆ ಆದಷ್ಟು ಬೇಗ ನಿಧಾನವಾಗಿ ಬಿಡಿಸಿ, ಆ ಅಂಟು ಫೋಟೋವನ್ನು ಹಾಳು ಮಾಡುತ್ತದೆ. ಬರದಿದ್ದರೆ ಎಳೆಯಬೇಡಿ, ಹಾಗೇ ಫೋನಿನಲ್ಲಿ ತೆಗೆದುಕೊಳ್ಳಿ. ಮುಂದೆ ಅದೇ ಊರಿಗೆ ಹೋಗುವಾಗ ಆ ಫೋಟೋ ಜೊತೆಗಿರಲಿ, ಅದೇ ಜಾಗದಲ್ಲಿ ನಿಲ್ಲಬಹುದು.

ಎಲ್ಲಕ್ಕಿಂತ ಮುಖ್ಯ, ಒಂದು ಫೋಟೋವನ್ನು ಒಬ್ಬರಿಗೇ ಕಳಿಸಿ ನೋಡಿ. ಕೆಳಗೆ ಒಂದು ಪ್ರಶ್ನೆ ಹಾಕಿ, ಅವರಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು. ಗ್ರೂಪಿಗೆ ಹಾಕಿದ ಫೋಟೋಗೆ ಹೆಬ್ಬೆರಳು ಬರುತ್ತೆ. ಒಬ್ಬರಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರುತ್ತೆ, ಸ್ವಲ್ಪ ತಡವಾಗಿಯಾದರೂ.

ಅವತ್ತು ಹೊರಡುವ ಮುಂಚೆ ಅಪ್ಪ ಆಲ್ಬಂನಿಂದ ರಥದ ಫೋಟೋ ಬಿಡಿಸಿಕೊಂಡು, ಅಕ್ಕನ ಮಗನ ಪೆನ್ಸಿಲ್ ಇಸ್ಕೊಂಡರು. 1986ರ ಆರನ್ನು ಹೊಡೆದು ಏಳು ಮಾಡಿದರು. ಸ್ವಲ್ಪ ಹೊತ್ತು ಪೆನ್ಸಿಲ್ ಹಿಡಿದುಕೊಂಡೇ ಕೂತಿದ್ದು, ಅದರ ಕೆಳಗೆ ಇನ್ನೊಂದು ಸಾಲು ಬರೆದರು.

“ತೆಗೆದದ್ದು: ಅಣ್ಣ.”